ಗಂಗರತ್ನಮ್ಮನ ಕೊರಡು

ಕೋದಂಡಪ್ಪನ ಸೌದೆ ಡಿಪೋದ ಮುಂದೆ, ತೊಲೆಗೆ ಕಟ್ಟಿದ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಗಂಗರತ್ನಮ್ಮ ಕೂತಿದ್ದಳು. ಸೀರೆಯನ್ನು ಮಂಡಿಯ ಕೆಳಗೆ ಒತ್ತಿ ಸಿಗಿಸಿಕೊಂಡು, ಎರಡು ಕೈಯಲ್ಲೂ ಸರಪಳಿ ಬಿಗಿಯಾಗಿ ಹಿಡಿದು, ಯಾರ ಮುಖವೂ ಕಾಣಬಾರದೆಂದು ಕಣ್ಣು ಮುಚ್ಚಿದ್ದಳು. ಕಣ್ಣು ಮುಚ್ಚಿದರೆ ಕಿವಿಯೂ ಮುಚ್ಚುತ್ತದೆಯೇ? ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಗಳ ಅರ್ಧ ಜನ ಭಾನುವಾರದ ಸೌದೆಗೆಂದು ಅಲ್ಲೇ ಸೇರಿದ್ದರು.

"ಅಲ್ಲಾಡ್ಬ್ಯಾಡ ಕಣಮ್ಮೀ, ತೊಲೆ ಕಿತ್ಕೊಂಡ್ ಬಂದ್ರೆ ನನ್ ಗತಿ ಏನು?" ಎಂದ ಕೋದಂಡಪ್ಪ.

"ತೊಲೆ ಕತೆ ಆಮೇಲೆ. ಕಲ್ಲು ಆಕು, ಬಿರ್ನೆ ತೂಗು."

ಕಲ್ಲು ಅಂದರೆ ಅವನ ಕಬ್ಬಿಣದ ತೂಕದ ಬಟ್ಟುಗಳು. ಕೋದಂಡಪ್ಪ ಎರಡೂ ಕೆನ್ನೆ ಬಡಿದುಕೊಂಡ. "ಅವು ಲಕ್ಷ್ಮಿ ಕಣಮ್ಮಾ! ದಿನಾ ಕುಂಕುಮ ಇಕ್ಕಿ ಕೈ ಮುಗಿದು ಯಾಪಾರ ಸುರು ಮಾಡೋನು ನಾನು. ಅದ್ರಲ್ಲಿ ಮನುಷ್ಯರನ್ನ ತೂಗಿದ್ರೆ ಅಂಗಡಿ ಮಕಾಡೆ ಮಲಗ್ತದೆ. ಸೌದೆ ತಕ್ಕಡೀಲಿ ಸೌದೆ ಆಕೇ ತೂಗ್ತೀನಿ, ಇರು."

ಆ ಬೆಳಿಗ್ಗೆಯೇ ಒಂದು ಗಾಡಿ ನೀಲಗಿರಿ ಮರ ಬಂದಿಳಿದಿತ್ತು. ಅದರಲ್ಲಿ ದಪ್ಪನೆಯದೊಂದು ಕೊರಡನ್ನು ಆಯ್ದು, ಇಬ್ಬರು ಆಳುಗಳ ಕೈಲಿ ಎದುರು ತಟ್ಟೆಗೆ ಉರುಳಿಸಿದ. ತಕ್ಕಡಿ ಕಿರುಗುಟ್ಟಿತು. ಗಂಗರತ್ನಮ್ಮ ನೆಲ ಬಿಟ್ಟು ಒಂದು ಗೇಣು ಎದ್ದಳು, ಮತ್ತೆ ಇಳಿದಳು. ಎರಡು ಸೀಳು ಸೌದೆ ಮೇಲೆ ಬಿದ್ದಾಗ ತೊಲೆ ಸಮನಾಗಿ ನಿಂತಿತು. ಕೋದಂಡಪ್ಪ ಆ ಸೀಳುಗಳನ್ನು ಕೊರಡಿಗೆ ಹಗ್ಗದಿಂದ ಬಿಗಿದು, ಬೆರಳಲ್ಲಿ ಸುಣ್ಣ ತೆಗೆದುಕೊಂಡು ಒಂದು ಗೀಟು ಎಳೆದ.

"ನೋಡು, ಇವತ್ತಿಂದ ಇದೇ ನೀನು. ಇದನ್ನ ಮೂಲೇಲಿ ನೆರಳಾಗೆ ಇಕ್ಕಿರ್ತೀನಿ, ಯಾರ್ಗೂ ಮಾರಲ್ಲ. ಭಾನುವಾರ ಭಾನುವಾರ ಬಂದು ಕುಂತ್ಕೋ. ನೀನ್ ಮ್ಯಾಕೆ ಎದ್ರೆ ತೂಕ ಇಳಿದದೆ ಅಂತ. ಕೆಳಕ್ ಕುಂತ್ರೆ ಏರೈತೆ ಅಂತ. ಅಷ್ಟೇಯ."

"ಕೋದಂಡಪ್ಪಾ, ಈ ಕೊರಡು ಎಂಗೆ ಮಣ?" ಎಂದು ಸರದಿಯಲ್ಲಿದ್ದ ಪೆದ್ದಮ್ಮ ಕೇಳಿದಳು. ಪೆದ್ದಮ್ಮ ಗಂಗರತ್ನಮ್ಮನ ಗೋಡೆ ಪಕ್ಕದ ಮನೆಯವಳು, ಹಲ್ಲಿಲ್ಲದ ಬಾಯಿ, ಮಾತಿಗೆ ಮಾತ್ರ ಹಲ್ಲು. ಗಂಗರತ್ನಮ್ಮ ಕೂತಿದ್ದ ತಟ್ಟೆಯತ್ತ ಕೈ ಮಾಡಿ ಮುಂದುವರಿಸಿದಳು, "ಎಡಗಡೇದಲ್ಲ ಕಣಯ್ಯಾ, ಬಲಗಡೇದು!"

ಜನ ಗೊಳ್ಳೆಂದರು. ಗಂಗರತ್ನಮ್ಮ ತಟ್ಟೆಯಿಂದ ಇಳಿದು, ಸೆರಗು ಕೊಡವಿ, ಸೌದೆಯನ್ನೂ ಕೊಳ್ಳದೆ ಮನೆಗೆ ನಡೆದಳು.

ಅವಳು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ನಲವತ್ತು ದಾಟಿದ ಹೆಂಗಸು. ಗಣಿ ಕೆಲಸದಲ್ಲಿದ್ದ ಗಂಡ ಮುನಿಶಾಮಿ ಬಂಡೆಯ ಧೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡು ಮನೆ ಹಿಡಿದ ಮೇಲೆ ಅವಳಿಗೆ ಈ ಕೆಲಸ ಸಿಕ್ಕಿತ್ತು, ಅದೂ ಹಂಗಾಮಿ. ಗಣಿಗಳು ಸರ್ಕಾರದ ಕೈಗೆ ಬಂದ ಹೊಸತು. ಹಂಗಾಮಿ ಇರುವವರನ್ನೆಲ್ಲ ಪರೀಕ್ಷೆ ಮಾಡಿ ಕಾಯಂ ಮಾಡುತ್ತಾರೆ ಎಂದು ಸುದ್ದಿ ಬಂತು. ಕಾಯಂ ಆದರೆ ಮುನಿಶಾಮಿಯ ಹೆಸರಿನಲ್ಲಿದ್ದ ತಗಡಿನ ಲೈನ್ ಮನೆ ಅವಳ ಹೆಸರಿಗೆ ಬರುತ್ತದೆ. ಆಗದಿದ್ದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿದ್ದ ಅಣ್ಣ ರಾಮಚಂದ್ರಪ್ಪನ ಮನೆಯೊಂದೇ ಗತಿ.

ಪರೀಕ್ಷೆಯ ದಿನ ಡಾಕ್ಟ್ರಮ್ಮ ಅವಳನ್ನು ಮಹಡಿಯ ಮೆಟ್ಟಿಲು ಹತ್ತಿಸಿ ನಾಡಿ ಹಿಡಿದರು. ಗಂಗರತ್ನಮ್ಮನಿಗೆ ಮಾತು ಹೊರಡಲಿಲ್ಲ. ಕಮ್ಮಾರನ ತಿದಿಯ ಹಾಗೆ ಎದೆ ಏರಿ ಇಳಿಯುತ್ತಿತ್ತು.

"ಈ ಉಸಿರು ಇಟ್ಟುಕೊಂಡು ನೀನು ಬಸುರಿಯನ್ನು ಸ್ಟ್ರೆಚರಿನಲ್ಲಿ ಹೊತ್ತು ಓಡುತ್ತೀಯಾ?" ಎಂದರು ಡಾಕ್ಟ್ರಮ್ಮ. "ರಕ್ತದ ಒತ್ತಡವೂ ಜಾಸ್ತಿ ಇದೆ. ಶಿವರಾತ್ರಿ ಕಳೆದ ಮೇಲೆ ಬಾ. ಇಪ್ಪತ್ತು ಪೌಂಡು ಇಳಿಸಿಕೊಂಡು ಬಂದರೆ ಸಹಿ ಹಾಕುತ್ತೇನೆ."

"ಪೌಂಡು ಅಂದ್ರೆ ಎಷ್ಟಮ್ಮಾ?"

ಡಾಕ್ಟ್ರಮ್ಮ ಒಂದು ಗಳಿಗೆ ಯೋಚಿಸಿದರು. "ಆಗತಾನೆ ಹುಟ್ಟಿದ ಕೂಸನ್ನು ದಿನಾ ಎತ್ತುತ್ತೀಯಲ್ಲ? ಅಂಥವು ಮೂರು."

ಮನೆಗೆ ಬಂದು ಹೇಳಿದಾಗ ಮುನಿಶಾಮಿ ಹೊಸಿಲ ಮೇಲೆ ಕೂತು ಕೆಮ್ಮುತ್ತಲೇ ನಕ್ಕ. "ನಿನ್ ಒಟ್ಟೇಲಿ ಉಟ್ಟಿದ್ದೇ ಎರಡು ಕಣಮ್ಮೀ. ಅವೂ ಮದ್ವೆ ಆಗಿ ಓದ್ವು. ಈ ವಯಸ್ನಲ್ಲಿ ಮೂರು ಇಳ್ಸು ಅಂತಾರಲ್ಲ ಡಾಕ್ಟ್ರಮ್ಮ!"

"ನಗು, ನಗು. ಓಗಿ ನಮ್ಮಣ್ಣನ ಕೊಟ್ಟಿಗೇಲಿ ಬಿದ್ಕೊಂಡಾಗ್ಲೂ ಇಂಗೇ ನಗು."

"ನಂಗೆ ಬಂದ್ ಕಾಯ್ಲೇಲಿ ಅರ್ಧ ನಿಂಗ್ ಬಂದಿದ್ರೆ ಸರಿಯೋಗ್ತಿತ್ತು," ಎಂದ ಅವನು, ತನ್ನ ಪಕ್ಕೆಲುಬು ಸವರಿಕೊಳ್ಳುತ್ತ. ಗಂಡನ ಮಾಂಸವೆಲ್ಲ ಹೆಂಡತಿಗೇ ಬಂದಿದೆ ಎಂದು ಪೆದ್ದಮ್ಮ ಕೊಳಾಯಿಯ ಹತ್ತಿರ ಆಡಿದ್ದು ಅವಳ ಕಿವಿಗೆ ಬಿದ್ದಿತ್ತು.

ಆಸ್ಪತ್ರೆಯಲ್ಲೂ ತೂಕದ ಯಂತ್ರವಿತ್ತು. ಅದು ಡಾಕ್ಟ್ರಮ್ಮನ ಕೋಣೆಯೊಳಗೆ. ಹತ್ತಿರ ಸುಳಿದರೆ ಸಿಸ್ಟರುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅದಕ್ಕೇ ಅವಳು ಸೌದೆ ಡಿಪೋದ ತಕ್ಕಡಿ ಹುಡುಕಿಕೊಂಡು ಹೋದದ್ದು.

ಮೊದಲು ಊಟಕ್ಕೆ ಕೈ ಹಾಕಿದಳು. ಮುದ್ದೆ ಚಿಕ್ಕದಾಯಿತು, ರಾತ್ರಿಯ ಅನ್ನ ನಿಂತಿತು. ಮನೆಯ ಊಟವನ್ನೇನೋ ಕಡಿಮೆ ಮಾಡಬಹುದು. ಆಸ್ಪತ್ರೆಯದನ್ನು ಏನು ಮಾಡುವುದು? ಕೂಸು ಹುಟ್ಟಿದ ಕೂಡಲೇ ಹೊರಗೆ ಕಾದಿದ್ದವರಿಗೆ ಸುದ್ದಿ ಕೊಡುವವಳು ಆಯಾ. ಸುದ್ದಿ ತಂದವಳ ಬಾಯಿಗೆ ಮನೆಯ ಹಿರಿಯಳು ತನ್ನ ಕೈಯಾರೆ ಬೆಲ್ಲವನ್ನೋ ಸಕ್ಕರೆಯನ್ನೋ ತುರುಕಬೇಕು. ಬೇಡ ಅಂದರೆ ಆ ಕೂಸಿನ ಭಾಗ್ಯಕ್ಕೇ ಬೇಡ ಅಂದ ಹಾಗೆ. ಒಂದು ಸಲ ಗಂಗರತ್ನಮ್ಮ ಬೆಲ್ಲದ ಉಂಡೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ಹಿತ್ತಲಿಗೆ ಹೋಗಿ ಉಗುಳಿದಳು. ಕೂಸಿನ ಅಜ್ಜಿ ಅದನ್ನು ನೋಡಿಬಿಟ್ಟಳು.

"ನಮ್ ಮಗೀನ್ ಎಸ್ರಲ್ಲಿ ಆಕಿದ್ ಬೆಲ್ಲ ನಿಂಗೆ ಕಹಿಯಾಯ್ತಾ? ಉಗೀತೀಯಾ? ನಿನ್ ಬಾಯ್ಗೆ ಮಣ್ಣಾಕ!"

ಆ ರಂಪ ಅಡಗಿಸಲು ಆ ಅಜ್ಜಿಯ ಕೈಯಿಂದಲೇ ಇನ್ನೊಂದು ಉಂಡೆ, ದೊಡ್ಡದು, ಎಲ್ಲರ ಮುಂದೆ ತಿನ್ನಬೇಕಾಯಿತು. ಆ ತಿಂಗಳು ಗಣಿಯವರಿಗೆ ಏನಾಗಿತ್ತೋ, ಹೆರಿಗೆಯ ಮೇಲೆ ಹೆರಿಗೆ. ಭಾನುವಾರ ತಕ್ಕಡಿಯಲ್ಲಿ ಕೂತಾಗ ಕೊರಡು ಮೇಲೆ ಹೋಯಿತು, ಅವಳು ಕೆಳಗೆ ಕೂತಳು.

"ಕೆಳಕ್," ಎಂದ ಕೋದಂಡಪ್ಪ. ಅಷ್ಟೇ.

ಆಗ ಡಾಕ್ಟ್ರಮ್ಮ ಇನ್ನೊಂದು ಉಪಾಯ ಹೇಳಿದರು. "ಬೆಳಿಗ್ಗೆ ಎದ್ದು ಜೋರಾಗಿ ನಡಿ. ದಿನಾ ನಡಿ."

ಹೇಳುವುದು ಸುಲಭ. ನಂದಿದುರ್ಗದ ಲೈನುಗಳಲ್ಲಿ ಯಾವ ಹೆಂಗಸು ಸುಮ್ಮನೆ ನಡೆದಿದ್ದಾಳೆ? ನೀರಿಗೆ ಹೋಗುತ್ತಾಳೆ, ಸಂತೆಗೆ ಹೋಗುತ್ತಾಳೆ, ಗಂಡನಿಗೆ ಬುತ್ತಿ ಒಯ್ಯುತ್ತಾಳೆ. ಮೊದಲ ದಿನ ಗಂಗರತ್ನಮ್ಮ ಬರಿಗೈಯಲ್ಲಿ, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ಗುಡ್ಡದ ದಾರಿ ಹಿಡಿದಾಗ ಎದುರಾದವರೆಲ್ಲ ಕೇಳಿದರು, "ಎಲ್ಲಿಗಕ್ಕ ಇಷ್ಟೊತ್ನಲ್ಲಿ?"

"ಎಲ್ಲಿಗೂ ಇಲ್ಲ. ಸುಮ್ಕೆ."

"ಸುಮ್ಕೆ ಯಾರು ಓಗ್ತಾರೆ?"

ಪೆದ್ದಮ್ಮನಿಗೆ ಸಂಶಯ ಬಂತು. ಮನೆಯಲ್ಲಿ ಜಗಳವಾಗಿದೆ, ಇವಳು ಕೆರೆಗೋ ಬಾವಿಗೋ ಹೊರಟಿದ್ದಾಳೆ ಎಂದು ಮುದುಕಿ ಕೋಲೂರಿಕೊಂಡು ಅವಳ ಹಿಂದೆಯೇ ಹೊರಟಳು. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ಕೂಗಿದಳು, "ಬ್ಯಾಡ ಕಣೇ ಗಂಗೀ! ಆ ಬಡಪಾಯಿ ಮುನಿಶಾಮಿ ಮಕ ನೋಡೇ!" ಗಂಗರತ್ನಮ್ಮ ಮುದುಕಿಯನ್ನು ರೆಟ್ಟೆ ಹಿಡಿದು ನಿಧಾನವಾಗಿ ಮನೆ ಸೇರಿಸಬೇಕಾಯಿತು. ಆ ನಡಿಗೆಗೆ ಬೆವರೂ ಬರಲಿಲ್ಲ.

ಮರುದಿನ ನೆಪಕ್ಕೆಂದು ಹಿತ್ತಾಳೆ ಬಿಂದಿಗೆ ಎತ್ತಿಕೊಂಡಳು. ಖಾಲಿ ಬಿಂದಿಗೆ. ಗಣಿಯ ಸೈರನ್ 'ಸಂಗು' ಕೂಗಿ ಬೆಳಗಿನ ಪಾಳಿಯವರು ಗಣಿಯೊಳಕ್ಕೆ ಇಳಿಯುವ ಶಾಫ್ಟಿನ ಕಡೆಗೆ ಗುಂಪಾಗಿ ಬರುವ ಹೊತ್ತಿಗೆ ಸರಿಯಾಗಿ, ಗುಡ್ಡದ ತಿರುವಿನಲ್ಲಿ ಅವಳು ಅವರಿಗೆ ಎದುರಾದಳು. ಮುಂದಿದ್ದವನು ಆರುಮುಗಂ. ಅವನೂ ಅದೇ ಲೈನಿನವನು, ಅವಳ ಇನ್ನೊಂದು ಪಕ್ಕದ ಗೋಡೆಯ ಮನೆಯವನು, ಮುನಿಶಾಮಿಯ ಜೊತೆ ಭೂಮಿಯೊಳಗೆ ಕೆಲಸ ಮಾಡಿದವನು. ಬಿಂದಿಗೆಯ ಖಾಲಿ ಬಾಯಿ ನೋಡಿದ್ದೇ ಅವನ ಕಾಲು ನಿಂತುಹೋಯಿತು.

"ಐಯೋ ಮುರುಗಾ! ಏನಕ್ಕಾ ಇದು? ನಾವು ಪಾತಾಳಕ್ಕೆ ಇಳಿಯೋರು! ಖಾಲಿ ಕೊಡ ತಗೊಂಡು ಎದುರ್ಗೆ ಬತ್ತೀಯಲ್ಲ!"

ಆರುಮುಗಂ ಆ ದಿನ ಕೆಲಸಕ್ಕೆ ಹೋಗಲೇ ಇಲ್ಲ, ತಿರುಗಿ ಮನೆಗೆ ಬಂದ. ಅವನ ಹಿಂದೆ ಇನ್ನೂ ಕೆಲವರು. ಸಂಜೆಗೆ ಅವರ ಹೆಂಡಿರು ಗಂಗರತ್ನಮ್ಮನ ಬಾಗಿಲಿಗೆ ಬಂದು ನಿಂತರು. ತಮಿಳಿನಲ್ಲಿ ಒಬ್ಬಳು, ತೆಲುಗಿನಲ್ಲಿ ಒಬ್ಬಳು, ಕನ್ನಡದಲ್ಲಿ ಪೆದ್ದಮ್ಮ, ಮೂರು ಭಾಷೆಯ ಬೈಗುಳ ಅವಳ ಒಂದೇ ತಲೆಯ ಮೇಲೆ ಬಿತ್ತು.

ಎಲ್ಲರೂ ಹೋದ ಮೇಲೆ ಅವಳು ಬಿಂದಿಗೆಯನ್ನು ಮೂಲೆಗೆ ಎಸೆದಳು. "ಬರಿಗೈಲಿ ಓದ್ರೆ ಸಾಯಕ್ ಒಂಟವಳೆ ಅಂತಾರೆ. ಕೊಡ ತಗೊಂಡ್ರೆ ಸಾಯ್ಸಕ್ ಬಂದವಳೆ ಅಂತಾರೆ. ನಾನ್ ಎಲ್ ನಡೀಲಯ್ಯಾ, ಸೂರ್ ಮ್ಯಾಲಾ?"

ಮುನಿಶಾಮಿ ಬಿಂದಿಗೆಯ ನೆಗ್ಗು ಸವರಿ ನೋಡುತ್ತ ಹೇಳಿದ, "ತುಂಬ್ಕೊಂಡ್ ಓಗು."

"ಏನು?"

"ತುಂಬಿದ್ ಕೊಡ ಒತ್ತ ಮುತ್ತೈದೆ ಎದುರ್ಗೆ ಬಂದ್ರೆ ಯಾರಾದ್ರೂ ಬ್ಯಾಡ ಅಂತಾರಾ?"

ಹಾಗೆ ಅದು ಶುರುವಾಯಿತು. ಲೈನಿನ ತುದಿಯ ಕೊಳಾಯಿಯಲ್ಲಿ ಬಿಂದಿಗೆ ತುಂಬಿ, ಸೊಂಟಕ್ಕಿಟ್ಟುಕೊಂಡು, ಗುಡ್ಡ ಸುತ್ತಿ, ಶಾಫ್ಟಿನ ಗೇಟಿನವರೆಗೆ ಹೋಗಿ, ಮತ್ತೆ ಅದೇ ನೀರನ್ನು ಹೊತ್ತುಕೊಂಡು ಮನೆಗೆ ಬರುವುದು. ಮೊದಮೊದಲು ಉಸಿರು ಸಿಗಲಿಲ್ಲ, ಸೊಂಟ ಕಿತ್ತುಹೋಗುತ್ತಿತ್ತು, ಸೀರೆ ಅರ್ಧ ನೆನೆಯುತ್ತಿತ್ತು. ಕೊಳಾಯಿ ಪಕ್ಕದಲ್ಲೇ ಮನೆ ಇದ್ದವಳು ಇಷ್ಟು ದೂರ ನೀರು ಯಾಕೆ ಸುತ್ತಿಸುತ್ತಾಳೆ ಎಂದು ಯಾರಾದರೂ ಕೇಳಿದರೆ, "ನೀರ್ಗೂ ಊರು ತೋರಿಸ್ತಿದೀನಿ ಕಣಮ್ಮಾ" ಎಂದು ಸಿಡುಕುತ್ತಿದ್ದಳು.

ಪಾಳಿಯವರಿಗೆ ಮಾತ್ರ ಹಿಗ್ಗೋ ಹಿಗ್ಗು. ಆರುಮುಗಂ ತುಂಬಿದ ಬಿಂದಿಗೆ ಕಂಡೊಡನೆ ಟೋಪಿ ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಕೆಲವು ದಿನಗಳಲ್ಲೇ ಅವರು ಅವಳಿಗಾಗಿ ತಿರುವಿನಲ್ಲಿ ಕಾಯತೊಡಗಿದರು. ಅವಳು ತಡವಾದರೆ ಅವರೂ ತಡ. ಮೇಸ್ತ್ರಿ ಗೇಟಿನಿಂದ ಬಾಯಿ ಮಾಡುತ್ತಿದ್ದ. ಚಳಿ ಬಿದ್ದರೂ ಬಿಡುವಿಲ್ಲ, ಮೈ ನೋವಿದ್ದರೂ ಬಿಡುವಿಲ್ಲ. ಸಂಗಿಗೆ ಮೊದಲೇ ಆರುಮುಗಂನ ಹೆಂಡತಿ ಗೋಡೆ ಗುದ್ದುತ್ತಿದ್ದಳು, "ಅಕ್ಕೋ, ಎದ್ದ್ಯಾ?"

ಇಷ್ಟೆಲ್ಲ ಮಾಡಿ ಭಾನುವಾರ ತಕ್ಕಡಿಯಲ್ಲಿ ಕೂತರೆ?

"ಕೆಳಕ್," ಎನ್ನುತ್ತಿದ್ದ ಕೋದಂಡಪ್ಪ.

"ಸರ್ಯಾಗ್ ನೋಡಯ್ಯಾ!"

"ಕಣ್ ನೆಟ್ಗೈತಮ್ಮಾ ನಂಗೆ. ಓದ್ ವಾರಕ್ಕಿಂತ ಇನ್ನೂ ಒಂದ್ ಬೆರಳು ಕೆಳಕ್."

ಸುಣ್ಣದ ಗೀಟಿನ ಕೊರಡು ಎದುರು ತಟ್ಟೆಯಲ್ಲಿ ಎತ್ತರಕ್ಕೆ ಹೋಗಿ ಅವಳನ್ನು ನೋಡುತ್ತಿತ್ತು. ಅದರ ಸಿಪ್ಪೆ ಸುರುಳಿ ಸುತ್ತಿ ಉದುರಿತ್ತು, ತುದಿಗಳು ಬಾಯಿ ಬಿಟ್ಟಿದ್ದವು. ತನ್ನನ್ನು ನೋಡಿ ಹಲ್ಲು ಕಿರಿಯುತ್ತಿದೆ ಎಂದೇ ಗಂಗರತ್ನಮ್ಮನಿಗೆ ಅನಿಸುತ್ತಿತ್ತು.

ಸಂಕ್ರಾಂತಿಗೆ ಅಣ್ಣ ಹೇಳಿಕಳಿಸಿದ. ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದಳು. ಅತ್ತಿಗೆ ವೆಂಕಟರತ್ನಮ್ಮ ಬಾಗಿಲಲ್ಲೇ ಎದೆ ಮೇಲೆ ಕೈಯಿಟ್ಟುಕೊಂಡಳು. "ಇದೇನೇ ಗಂಗರತ್ನಾ, ಕೆನ್ನೆ ಇಂಗ್ ಬತ್ತೋಗವೆ! ಅಲ್ಲಿ ಇಟ್ಟು ಕಾಣ್ದೆ ಕುಂತಿದ್ದೀರಾ?" ಹಬ್ಬ ಮುಗಿಯುವವರೆಗೂ ತಟ್ಟೆಯ ಮುಂದೆ ಕಾವಲು ಕೂತು ಒಬ್ಬಟ್ಟು ಬಡಿಸಿದಳು, ಮೇಲೆ ತುಪ್ಪ ಸುರಿದಳು. ಬೇಡ ಎಂದರೆ, "ನಮ್ಮನೆ ಅನ್ನ ಸೇರಲ್ವಾ? ನಾಳೆ ಇಲ್ಲೇ ಬಂದಿರೋಳು ನೀನು" ಎನ್ನುತ್ತಿದ್ದಳು.

ಹೊರಡುವ ದಿನ ರಾಮಚಂದ್ರಪ್ಪ ತಂಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ದನದ ಕೊಟ್ಟಿಗೆ ತೋರಿಸಿದ. "ಇಲ್ಲಿಗೆ ಅಡ್ಡಗೋಡೆ ಎತ್ತುಸ್ತೀನಮ್ಮಾ. ಈ ಕಡೆ ಎಮ್ಮೆ, ಆ ಕಡೆ ನೀವಿಬ್ರು. ಭಾವನ ಕೆಮ್ಮಿಗೆ ರಾತ್ರಿ ನಮ್ ಮಕ್ಕಳ ನಿದ್ದೇನೂ ಕೆಡಲ್ಲ." ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಅವಳಿಗೆ ಸಿಟ್ಟು ಮಾಡಲೂ ಆಗಲಿಲ್ಲ. ಕೊಟ್ಟಿಗೆಯ ಹೊಟ್ಟಿನ ಧೂಳು ಬಿಸಿಲಿನ ಕೋಲಿನಲ್ಲಿ ತೇಲುತ್ತಿತ್ತು. ಆ ಧೂಳಿನಲ್ಲಿ ಮುನಿಶಾಮಿಯ ಎದೆ ಒಂದು ಬೇಸಿಗೆ ತಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಸೆರಗಿನ ಅಂಚು ಕಚ್ಚುತ್ತಿದ್ದಳು.

ಬಂದ ಭಾನುವಾರ ತಟ್ಟೆ ಢಣ್ಣೆಂದು ನೆಲಕ್ಕೆ ಬಡಿಯಿತು. ಕೋದಂಡಪ್ಪ ಏನೂ ಹೇಳದೆ ಬೇರೆ ಗಿರಾಕಿಯ ಕಡೆ ತಿರುಗಿದ. ಅವನು 'ಕೆಳಕ್' ಅಂದಿದ್ದರೇ ವಾಸಿಯಿತ್ತು.

ಆಮೇಲೆ ಮಂಡಿ ಊದಿಕೊಂಡಿತು. ಕಾಲು ಮಡಿಸಲಾಗದೆ, ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಒಂದು ಬೆಳಿಗ್ಗೆ ಮಲಗಿಬಿಟ್ಟಳು. ಆರುಮುಗಂನ ಹೆಂಡತಿ ಗೋಡೆ ಗುದ್ದಿ ಗುದ್ದಿ ಸುಮ್ಮನಾದಳು. ಆ ದಿನ ಮಧ್ಯಾಹ್ನ ನೆಲ ನಡುಗಿತು. ಅಟ್ಟದ ಮೇಲಿನ ಪಾತ್ರೆ ಉರುಳಿದವು, ತಗಡು ಗಡಗಡ ಅಂದಿತು. ಗಣಿಯೊಳಗೆಲ್ಲೋ ಬಂಡೆ ಸಿಡಿದಿತ್ತು. ಲೈನಿನ ಹೆಂಗಸರೆಲ್ಲ ಶಾಫ್ಟಿಗೆ ಓಡಿದರು. ದೇವರ ದಯೆ, ಯಾರ ಜೀವವೂ ಹೋಗಲಿಲ್ಲ. ಸಂಜೆ ಆರುಮುಗಂ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಬಂದು ಅವಳ ಬಾಗಿಲಲ್ಲಿ ನಿಂತ. ಈ ಸಲ ಬೈಯಲಿಲ್ಲ.

"ನೀನ್ ಬರ್ಲಿಲ್ಲಕ್ಕಾ," ಎಂದ, ಅಷ್ಟೇ.

"ನನ್ ಮಂಡಿ ಊದಿದ್ರೆ ನಿಮ್ ಬಂಡೆ ಸಿಡೀತದೇನ್ಲಾ?" ಅವಳು ಕೂತಲ್ಲಿಂದಲೇ ಕಿರುಚಿದಳು. "ನಾನೇನ್ ನಿಮ್ಮ ಗಣಿ ತೊಲೆನಾ? ನನ್ನ ಪಾಡಿಗೆ ನಾನು ಮೈ ಇಳ್ಸಕ್ಕೆ ನಡೆದ್ರೆ, ನಿಮ್ಮನ್ನೆಲ್ಲ ಕಾಯೋದು ನನ್ ತಲೆಗಾ?"

ಅವನು ಹೋದ ಮೇಲೆ ಮುನಿಶಾಮಿ ಅವಳ ಮಂಡಿಯ ಬಟ್ಟೆ ಬಿಚ್ಚಿ ಮತ್ತೆ ಸುತ್ತಿದ. ಆಮೇಲೆ ಹೇಳಿದ, "ನಮ್ಮನ್ನ ತುಂಬ್ಕೊಂಡು ಕೇಜು ಗಣಿ ಒಳಕ್ಕೆ ಇಳಿಯುವಾಗ ಒಟ್ಟೆ ಬಾಯ್ಗ್ ಬತ್ತದೆ ಕಣಮ್ಮೀ. ಎಷ್ಟ್ ವರ್ಸ ಇಳಿದ್ರೂ ಬತ್ತದೆ. ಆವಾಗ ಇಡ್ಕೊಳಕ್ಕೆ ಏನಾರಾ ಒಂದು ಬೇಕು. ನಾನು ನಿನ್ ಮಕ ನೋಡ್ಕೊಂಡು ಓಗ್ತಿದ್ದೆ. ನಿಂಗೇಳಿರ್ಲಿಲ್ಲ."

ಎರಡು ದಿನ ಬಿಟ್ಟು ಅವಳು ಕುಂಟುತ್ತ ಮತ್ತೆ ಬಿಂದಿಗೆ ಎತ್ತಿದಳು. ಬೈದುಕೊಂಡೇ ಎತ್ತಿದಳು.

ಶಿವರಾತ್ರಿ ಹತ್ತಿರ ಬರುವ ಹೊತ್ತಿಗೆ ಇನ್ನೊಂದು ಹಿಂಸೆ ಶುರುವಾಯಿತು. ರವಿಕೆ ಸಡಿಲವಾಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಯ ಅತ್ತೆ ಅವಳ ಕೈಯಿಂದ ಕೂಸನ್ನು ಕಿತ್ತುಕೊಂಡಳು. "ಗಂಡನ ಎದೆ ರೋಗ ಇವಳ್ಗೂ ಅಂಟೈತೆ. ನೋಡಿ ಕತ್ತಿನ ಮೂಳೆ! ಇವಳ ಕೈಗೆ ಮಗು ಕೊಡಬ್ಯಾಡಿ." ಈಗ ಅವಳ ಬಾಯಿಗೆ ಬೆಲ್ಲ ಹಾಕುವವರೂ ಇಲ್ಲ.

ಗಂಗರತ್ನಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮುಖ ಬತ್ತುತ್ತಿದೆ, ತೂಕ ಏರುತ್ತಿದೆ. ಕಣ್ಣಿಗೆ ಕಾಣುವುದೊಂದು, ತಕ್ಕಡಿ ಹೇಳುವುದೊಂದು. ತಕ್ಕಡಿಗೆ ಯಾರ ಮುಲಾಜು? ಹಾಗಾದರೆ ಒಳಗೆ ಏನೋ ಸೇರಿಕೊಂಡು ಬೆಳೆಯುತ್ತಿದೆ. ನೀರೋ, ಗಡ್ಡೆಯೋ. ಹೊಟ್ಟೆ ಒತ್ತಿ ಒತ್ತಿ ನೋಡಿಕೊಂಡಳು. ಕೊನೆಯ ಭಾನುವಾರ ಆಸೆ ಬಿಡದೆ ಮತ್ತೆ ಹೋಗಿ ಕೂತಳು. ಅವಳ ತಟ್ಟೆ ನೆಲ ಬಿಟ್ಟು ಏಳಲೇ ಇಲ್ಲ.

ಮನೆಗೆ ಬಂದವಳೇ ಹಳೆಯ ಸೀರೆ ಹಾಸಿ ಪಾತ್ರೆಗಳನ್ನು ಗಂಟು ಕಟ್ಟತೊಡಗಿದಳು. "ಆಗಾಕಿಲ್ಲ. ಪರೀಕ್ಷೆಗೆ ಓಗಾಕಿಲ್ಲ ನಾನು. ಆ ಡಾಕ್ಟ್ರಮ್ಮ ರೋಗ ಕಂಡುಹಿಡ್ದು ಎಲ್ಲಾರ ಮುಂದೆ ಏಳೋದೂ ಬ್ಯಾಡ, ನಾನ್ ಕೇಳೋದೂ ಬ್ಯಾಡ. ನಡಿ, ಎಮ್ಮೆ ಪಕ್ಕ ಬಿದ್ಕಳನ."

ಮುನಿಶಾಮಿ ಅವಳು ಕಟ್ಟಿದ ಗಂಟಿನಿಂದ ತನ್ನ ಕಾಫಿ ಲೋಟ ಹೊರಗೆ ತೆಗೆದ. "ಓಗೋರು ಓಗೋಣ. ಲೋಟ ಕೊನೇಗ್ ಕಟ್ಟು," ಎಂದ.

ಪರೀಕ್ಷೆಯ ದಿನ ಬೆಳಿಗ್ಗೆ ಎಂದಿನಂತೆ ಗೋಡೆ ಗುದ್ದಿದ ಸದ್ದು. ರೋಗವಿದ್ದರೂ ಸರಿ, ಇನ್ನೊಬ್ಬರ ಭುಜ ಮುರಿದ ಪಾಪ ಬೇಡ ಎಂದುಕೊಂಡು ಬಿಂದಿಗೆ ತುಂಬಿ ಹೊರಟಳು. ತಿರುವಿನಲ್ಲಿ ಪಾಳಿಯವರು ಕೈ ಮುಗಿದು ಮುಂದೆ ಹೋದರು. ಗೇಟಿನ ಹತ್ತಿರ ನಿಂತಾಗ ದಾರಿಯ ಆಚೆ ಆಸ್ಪತ್ರೆಯ ಹಂಚು ಕಾಣುತ್ತಿತ್ತು. ಕಂಡರೆ ಏನು ಎಂದು ತಿರುಗಿದಳು. ನಾಲ್ಕು ಹೆಜ್ಜೆ ಹಾಕಿದ್ದಳೋ ಇಲ್ಲವೋ, ಆ ಕೊಟ್ಟಿಗೆಯ ಬಿಸಿಲಿನ ಕೋಲು, ಅದರಲ್ಲಿ ತೇಲುವ ಹೊಟ್ಟು ಕಣ್ಣ ಮುಂದೆ ಬಂತು. "ಥೂ, ಏನಾದ್ರೂ ಆಗ್ಲಿ" ಎಂದು ಬಿಂದಿಗೆಯ ಸಮೇತ ಆಸ್ಪತ್ರೆಯ ಕಡೆ ತಿರುಗಿದಳು.

ಆಸ್ಪತ್ರೆ ಬಾಗಿಲಿನ ಕಾವಲುಗಾರ ಬಿಂದಿಗೆ ಇಟ್ಟುಕೊಳ್ಳಲು ಒಪ್ಪಲಿಲ್ಲ. "ನಾಯಿ ಬಾಯಿ ಆಕ್ತದೆ, ಆಮೇಲೆ ನನ್ ಮೇಲ್ ಬತ್ತೀಯ." ಒಳಗಿಂದ ಸಿಸ್ಟರ್ ಅವಳ ಹೆಸರು ಕೂಗುತ್ತಿದ್ದರು. ಗಂಗರತ್ನಮ್ಮ ಬಿಂದಿಗೆಯೊಂದಿಗೇ ಮಹಡಿಯ ಮೆಟ್ಟಿಲು ಹತ್ತಿ, ಅದರೊಂದಿಗೇ ಒಳಗೆ ನಡೆದು, ಸಿಸ್ಟರ್ ತೋರಿಸಿದ ಯಂತ್ರದ ಮೇಲೆ ಅದರೊಂದಿಗೇ ನಿಂತಳು.

"ಏರಿದೆ ಡಾಕ್ಟರ್!" ಎಂದರು ಸಿಸ್ಟರ್.

ಗಂಗರತ್ನಮ್ಮ ಕಣ್ಣು ಮುಚ್ಚಿಕೊಂಡಳು. ಗೊತ್ತಿತ್ತು.

"ಮೊದಲು ಆ ಬಿಂದಿಗೆ ಇಳಿಸು ತಾಯಿ," ಎಂದರು ಡಾಕ್ಟ್ರಮ್ಮ.

ಸೊಂಟದ ಮೇಲೆ ಬಿಂದಿಗೆ ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಇಳಿಸಿ ಮತ್ತೆ ನಿಂತಳು. ಡಾಕ್ಟ್ರಮ್ಮ ಮುಳ್ಳು ನೋಡಿದರು, ಹಳೆಯ ಚೀಟಿ ನೋಡಿದರು, ಅವಳ ಮುಖ ನೋಡಿದರು. "ಇದನ್ನು ಹೊತ್ತುಕೊಂಡೇ ಮೆಟ್ಟಿಲು ಹತ್ತಿದೆಯಾ?"

"ಊಂ ಕಣಮ್ಮಾ. ಕೆಳಗಡೆ ನಾಯಿ..."

ಡಾಕ್ಟ್ರಮ್ಮ ನಾಡಿ ಹಿಡಿದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಎದೆಗೆ ಕೊಳವೆಯಿಟ್ಟು ಕೇಳಿದರು, ಬೆನ್ನಿಗಿಟ್ಟು ಕೇಳಿದರು. ಗಂಗರತ್ನಮ್ಮ ಮುನಿಶಾಮಿಯ ಎದೆಯೊಳಗಿನ ಗೊರಗೊರ ಸದ್ದನ್ನು ನೆನೆದು ಉಸಿರು ಬಿಗಿಹಿಡಿದಳು.

"ಉಸಿರಾಡು ಮಾರಾಯ್ತಿ! ಎದೆ ಗಂಟೆಯ ಹಾಗಿದೆ. ಯಾವ ರೋಗವೂ ಇಲ್ಲ. ಮೂರು ಕೂಸು ಇಳಿಸು ಅಂದಿದ್ದೆ, ಎರಡು ಸರಿಯಾಗಿ ಇಳಿದಿವೆ. ಮೂರನೆಯದು ಸ್ವಲ್ಪ ಚಿಕ್ಕದು." ಅವರು ಪೆನ್ನು ತೆಗೆದರು. "ದಿನ ತುಂಬುವ ಮೊದಲೇ ಹುಟ್ಟಿತು ಅಂದುಕೊಳ್ಳೋಣ."

ಸಹಿ ಬಿತ್ತು. ಗಂಗರತ್ನಮ್ಮನಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಕೋಪ. ಬಿಂದಿಗೆಯ ನೀರನ್ನು ಆಸ್ಪತ್ರೆಯ ಮುಂದಿನ ಗಿಡಕ್ಕೆ ಸುರಿದು, ನೇರ ಸೌದೆ ಡಿಪೋಗೆ ನಡೆದಳು. ಕೋದಂಡಪ್ಪ ಆಗ ನೀರಿನ ಡಬ್ಬ ಹಿಡಿದು ಸೀಳು ಸೌದೆಯ ರಾಶಿಗೆ ಚಿಮುಕಿಸುತ್ತಿದ್ದ.

"ಎಲ್ಲಯ್ಯಾ ನಿನ್ ಕೊರಡು? ಆ ಸುಳ್ಳುಬುರುಕ ಕೊರಡು ಎಲ್ಲಿ? ಆಸ್ಪತ್ರೆ ಮಿಸನ್ನು ಎರಡೂ ಮುಕ್ಕಾಲು ಕೂಸು ಇಳಿದದೆ ಅಂತದೆ. ನೀನ್ ಇಷ್ಟ್ ದಿನ ಕೆಳಕ್ ಕೆಳಕ್ ಅಂತ ನನ್ ಪ್ರಾಣ ತೆಗ್ದಲ್ಲ!"

ಕೋದಂಡಪ್ಪ ತಬ್ಬಿಬ್ಬಾಗಿ ಮೂಲೆಗೆ ಹೋದ. ಕೊರಡನ್ನು ಒಂದು ಕೈಯಲ್ಲಿ ಅಲ್ಲಾಡಿಸಿದ. ಅದು ಸಲೀಸಾಗಿ ಅಲುಗಾಡಿತು. ಬಿರುಕಿನೊಳಗೆ ಬೆರಳು ತೂರಿಸಿದ. ನಿಧಾನವಾಗಿ ಅವನ ಕೈ ಹಣೆಗೆ ಹೋಯಿತು.

"ಅಯ್ಯಯ್ಯೋ... ಅವತ್ತು ಕಡ್ದು ತಂದಿದ್ದ ಅಸಿ ಕೊರಡಲ್ಲ್ವಾ ಇದು? ಅಸಿ ನೀಲಗಿರಿ! ಚಳೀಲೆಲ್ಲ ಒಣಗೋಗೈತೆ ಕಣಮ್ಮೀ. ನೀನೊಂದ್ ಕಡೆ ಇಳೀತಿದ್ದೆ, ಇದು ನಿನ್ಗಿಂತ ಬಿರ್ನೆ ಇಳೀತಿತ್ತು."

"ಊರ್ಗೆಲ್ಲ ನೀರ್ ಚಿಮುಕ್ಸಿ ಸೌದೆ ಮಾರೋನಿಗೆ, ಒಣಗಿದ್ರೆ ಅಗುರಾಗ್ತದೆ ಅಂತ ಗೊತ್ತಾಗ್ಲಿಲ್ಲ್ವಾ?" ಅವಳು ಗಟ್ಟಿಯಾಗಿಯೇ ಕೇಳಿದಳು. ಕೊಳ್ಳಲು ಬಂದವರು ಕಿವಿ ನಿಮಿರಿಸಿದರು.

ಕೋದಂಡಪ್ಪ ಡಬ್ಬವನ್ನು ಬೆನ್ನ ಹಿಂದೆ ಮುಚ್ಚಿಕೊಂಡ. "ಮೆತ್ಗೆ, ಮೆತ್ಗೆ ಕಣಮ್ಮಾ. ಕೊರಡು ನೀನೇ ತಗೊಂಡೋಗು. ಸೀಳಿಸಿ ಕೊಡ್ತೀನಿ."

ಆಳು ಕೊಡಲಿಯಿಂದ ಅದನ್ನು ಸೀಳಿದ. ಸುಣ್ಣದ ಗೀಟು ಇದ್ದ ದಪ್ಪ ಸೀಳುಗಳನ್ನು ಅವಳೇ ಆಯ್ದು ಹೊರೆ ಕಟ್ಟಿದಳು. ಉಳಿದದ್ದನ್ನು ನಾಳೆ ಒಯ್ಯುತ್ತೇನೆ, ಒಂದು ಚೂರು ಕಡಿಮೆಯಾದರೂ ಬಿಡುವುದಿಲ್ಲ ಎಂದಳು. ಖಾಲಿ ಬಿಂದಿಗೆಯನ್ನು ಅಂಗಡಿಯಲ್ಲೇ ಇಟ್ಟು, ಸಿಂಬೆಯ ಮೇಲೆ ಹೊರೆ ಹೊತ್ತು ಹೊರಟಳು. ಇಷ್ಟು ದಿನ ತನ್ನ ಎದೆಯ ಮೇಲೆ ಕೂತಿದ್ದ ಸೌದೆ ಅದು. ಇಂದು ಅದರ ಮೇಲೆ ಗಂಡನಿಗೆ ಬಿಸಿನೀರು ಕಾಯಿಸುವುದೆಂದು ನಿಶ್ಚಯ ಮಾಡಿದ್ದಳು.

ಮಧ್ಯಾಹ್ನದ ಪಾಳಿಯ ಸಂಗು ಕೂಗಿದ್ದು ಅವಳ ಲಕ್ಷ್ಯಕ್ಕೆ ಬಂದಿರಲಿಲ್ಲ. ತಿರುವಿಗೆ ಬಂದಾಗ ಎದುರಿಗೆ ಒಂದು ದಂಡೇ ನಿಂತಿತ್ತು. ಮುಂದೆ ಆರುಮುಗಂ. ಭುಜದ ನೋವಿನಿಂದಾಗಿ ಅವನನ್ನು ಆ ವಾರ ಎರಡು ಪಾಳಿಯ ನಡುವೆ ದೀಪ ಹಂಚುವ ಕೆಲಸಕ್ಕೆ ಹಾಕಿದ್ದರು, ಹೊಸ ಪಾಳಿಯವರ ಜೊತೆ ಬರುತ್ತಿದ್ದ. ಅವಳ ತಲೆಯ ಮೇಲಿನ ಹೊರೆ ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ. ಕೆಲಸಕ್ಕೆ ಹೊರಟವರಿಗೆ ಸೌದೆ ಹೊರೆ ಎದುರಾಗುವುದು ಖಾಲಿ ಕೊಡಕ್ಕಿಂತ ಕೆಟ್ಟದ್ದು.

"ಅಕ್ಕಾ! ಸೌದೆನಾ? ನೀನಾ?" ಅವನು ಅಳುವಂತಾದ. "ಪಕ್ಕಕ್ ಓಗಕ್ಕಾ, ಆ ಗುಡ್ಡದ್ ಇಂದೆ ನಿಂತ್ಕೋ, ನಾವ್ ಓದ್ಮೇಲೆ ಬಾ!"

ಬೆಳಿಗ್ಗೆಯಾಗಿದ್ದರೆ ನಿಲ್ಲುತ್ತಿದ್ದಳೇನೋ. ಗಂಗರತ್ನಮ್ಮ ದಾರಿಯ ಮಧ್ಯದಲ್ಲಿ ನಿಂತು ಹೊರೆಯನ್ನು ಒಮ್ಮೆ ಸರಿಪಡಿಸಿಕೊಂಡಳು. ಇಷ್ಟು ದೂರ ಹೊತ್ತು ಬಂದಿದ್ದರೂ ಮಾತಿಗೆ ಉಸಿರು ಕಟ್ಟಲಿಲ್ಲ.

"ಇದು ಸೌದೆ ಅಲ್ಲ ಕಣ್ಲಾ, ನಾನೇ," ಎಂದಳು. "ನಾಳೆ ಒತ್ತಾರೆ ಬಿಂದಿಗೆ ತತ್ತೀನಿ, ಗೋಡೆ ಗುದ್ದಬ್ಯಾಡಿ. ಇವಾಗ ದಾರಿ ಬಿಡಿ. ನಮ್ಮನೆ ಗಂಟು ಬಿಚ್ಬೇಕು ನಾನು."

ಅವರು ಬಿಡಲಿಲ್ಲ. ಎದುರಾಗದಿದ್ದರೆ ಅಪಶಕುನವಿಲ್ಲ ಎಂದು ಎಲ್ಲರೂ ಒಟ್ಟಿಗೆ ಅವಳಿಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿಕೊಂಡು, ಅವಳೇ ಪಕ್ಕದಿಂದ ದಾಟಿ ಹೋಗಲಿ ಎಂದು ನಿಂತುಬಿಟ್ಟರು. ಗಂಗರತ್ನಮ್ಮ ಗೊಣಗುತ್ತ ಅವರ ಬೆನ್ನುಗಳ ನಡುವೆ ಜಾಗ ಮಾಡಿಕೊಂಡು ಮನೆಯ ಕಡೆ ನಡೆದಳು.